ಮಹಡಿಯ ಪತ್ತೇದಾರಿಣಿ

ಹಿಂದೆ ಪುಣೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ವೈನಿ ತೀರಿಕೊಂಡರೆಂದು ಹೋದ ವಾರ ಅವರ ಸೊಸೆ ಫೋನ್ ಮಾಡಿ ತಿಳಿಸಿದಳು. “ನಿಮ್ಮನ್ನ ಭಾಳ ನೆನಸ್ತಿದ್ರು ಕಾಕು” ಎಂದಳು. ಹೋದವರ ಬಗ್ಗೆ ಒಂದು ಒಳ್ಳೆಯ ಮಾತು ಆಡಬೇಕಾದ ಹೊತ್ತು ಅದು. ಫೋನ್ ಹಿಡಿದುಕೊಂಡು ಹುಡುಕಿದೆ. ಒಂದೂ ಸಿಗಲಿಲ್ಲ. “ಎಲ್ಲಾರದೂ ಊಟ ಆತೇನವಾ?” ಎಂದು ಕೇಳಿ ಇಟ್ಟುಬಿಟ್ಟೆ.

ಆಗ ನಿಮ್ಮಲ್ಲಿ ದೊಡ್ಡವಳು ಸೋಫಾದ ಮೇಲೆ ಕಾಲು ಚಾಚಿಕೊಂಡು ಪುಸ್ತಕ ಓದುತ್ತಿದ್ದಳು. ಮೇಲಿನ ಹಾಳೆಯಲ್ಲಿ ಒಂದು ಬೆಕ್ಕು, ಒಂದು ಕೇಕು, ಕೇಕಿಗೆ ಚುಚ್ಚಿದ ಒಂದು ಚಾಕು.

“ಏನದು?” ಎಂದೆ.

“ಕೇಕಿನ ಅಂಗಡಿ ಇಟ್ಟಾಕಿ ಅಜ್ಜಿ. ಯಾರು ಕೊಲೆ ಮಾಡ್ಯಾರ ಅಂತ ಆಕೀನ ಹುಡುಕ್ತಾಳ. ಇದು ಹದಿನೇಳನೇ ಭಾಗ.”

“ಪೊಲೀಸರು ಏನ ಮಾಡ್ತಾರ?”

“ಅವರು ಬಂದು ಕೇಕ್ ತಿಂದು ಹೋಗ್ತಾರ.”

“ಇಷ್ಟು ಹೆಣ ಬಿದ್ದರೂ ನಿನಗ ಅಂಜಿಕಿ ಬರಂಗಿಲ್ಲೇನು?”

“ಇಲ್ಲಜ್ಜಿ, ಓದಿದ್ರ ಒಂಥರಾ ಆರಾಮ ಅನಸ್ತದ.”

ಆರಾಮ ಎಂಬ ಮಾತಿಗೆ ನನಗೆ ಸಿಟ್ಟು ಬಂತು. ನಾಲ್ಕು ಜನ ಕೂತಲ್ಲಿ ನನ್ನ ಗಂಟಲು ಕಟ್ಟುತ್ತದೆ, ಅದು ನಿಮಗೆಲ್ಲ ಗೊತ್ತು. ಅದಕ್ಕೆ ಬರೆದಿಡುತ್ತಿದ್ದೇನೆ. ವೈನಿ, ಅಂದರೆ ಅತ್ತಿಗೆ, ಎಂದೇ ಬರೆಯುತ್ತೇನೆ, ಅವರ ಹೆಸರು ಬರೆಯುವುದಿಲ್ಲ. ಅವರಿಗೂ ನಿಮ್ಮಂಥ ಮೊಮ್ಮಕ್ಕಳಿದ್ದಾರೆ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಪುಣೆಗೆ ಬಂದೆ. ಧಾರವಾಡದ ಕಡೆಯ ಹಳ್ಳಿ ನನ್ನದು, ಏಳನೆಯ ಇಯತ್ತೆಯವರೆಗೆ ಅಲ್ಲಿಯ ಸಾಲಿಯಲ್ಲೇ ಕಲಿತವಳು. ಮರಾಠಿಯ ಗಂಧವಿರಲಿಲ್ಲ. ಪೇಠೆಯೊಳಗಿನ ಒಂದು ವಾಡೆಯಲ್ಲಿ, ಚೌಕದ ಸುತ್ತ ಬಾಡಿಗೆ ಕೋಣೆಗಳಿದ್ದ ಹಳೆಯ ಮನೆಯಲ್ಲಿ, ಕೆಳಗೆ ನಮ್ಮ ಎರಡು ಖೋಲಿ, ಮೇಲೆ ವೈನಿಯ ಮೂರು. ಕನ್ನಡದ ಮನೆಗಳು ಇವೆರಡೇ. ನಡುವಿನ ಚೌಕದಲ್ಲಿ ಎಲ್ಲರಿಗೂ ಸೇರಿ ಒಂದು ನಳ. ವಾಡೆಯ ಯಜಮಾನಿ ಒಬ್ಬ ಮುದುಕಿ. ಅವರನ್ನು ಎಲ್ಲರೂ ಆಯಿ ಎಂದು ಕರೆಯುತ್ತಿದ್ದರು.

ನಾನು ಬಂದ ದಿನವೇ ವೈನಿ ಇಳಿದು ಬಂದರು. ಕನ್ನಡದವರು ಎಂದು ನನಗೆ ಜೀವ ಬಂದಂತಾಯಿತು. ಅವರು ಕೂಡಲಿಲ್ಲ. ಕನ್ನಡಕದ ಒಂದು ಕಡ್ಡಿಯನ್ನು ಹಲ್ಲಿಗೆ ತಟ್ಟುತ್ತ ನನ್ನ ಟ್ರಂಕು, ಹಾಸಿಗೆ ಸುರುಳಿ, ನನ್ನ ಅಂಗೈ ಎಲ್ಲವನ್ನೂ ನೋಡಿದರು. ಆಮೇಲೆ, “ಹ್ಞಂ, ಗೊತ್ತಾತು. ನಿಮ್ಮ ತವರಮನಿಯಾಗ ಎಮ್ಮಿ ಅದ. ಅದರ ಕರ ಮೊನ್ನಿ ಮೊನ್ನಿ ಸತ್ತದ. ಹೌದಲ್ಲೋ?” ಎಂದರು.

ನಮ್ಮ ಮನೆಯಲ್ಲಿ ಎಮ್ಮೆ ಇರಲಿಲ್ಲ. ಇಲ್ಲ ಎನ್ನುವ ಧೈರ್ಯ ನನಗೂ ಇರಲಿಲ್ಲ. ತಲೆ ಅಲ್ಲಾಡಿಸಿದೆ. ಸಂಜೆಯೊಳಗೆ ಆ ಎಮ್ಮೆ ವಾಡೆಯ ತುಂಬ ಅಡ್ಡಾಡಿತು. ಮುಂದೆ ಎಷ್ಟೋ ವರ್ಷ ನಳದ ಹತ್ತಿರ ಹೆಂಗಸರು, ನಿಮ್ಮ ಎಮ್ಮೆ ಹೇಗಿದೆ, ಮತ್ತೆ ಈಯಿತೇ ಎಂದು ನನ್ನನ್ನು ಕೇಳುತ್ತಿದ್ದರು. ಚೆನ್ನಾಗಿದೆ ಎಂದೇ ಹೇಳುತ್ತಿದ್ದೆ.

ಈ ವಿದ್ಯೆಯನ್ನು ವೈನಿ ಪುಸ್ತಕದಿಂದ ಕಲಿತಿದ್ದರು. ಓಣಿಯ ಮೂಲೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ವಾಚನಾಲಯವಿತ್ತು. ಅಲ್ಲಿ ತಿಂಗಳಿಗೊಂದು ಮರಾಠಿ ಪತ್ತೇದಾರಿ ಪುಸ್ತಕ ಬರುತ್ತಿತ್ತು. ಅಂಗೈಯಗಲದ ಪುಸ್ತಕ, ಖಾಕಿ ಕಾಗದದ ಹೊದಿಕೆ, ಯಾರ್ಯಾರದೋ ಅರಿಸಿನದ ಬೆರಳಿನ ಗುರುತು. ಅದರ ನಾಯಕಿ ಎಲ್ಲರೂ ಅತ್ಯಾ, ಅಂದರೆ ಅತ್ತೆ, ಎಂದು ಕರೆಯುವ ಒಬ್ಬ ಹೆಂಗಸು. ಲೋಣಾವಳಾದಂಥ ಒಂದು ಗುಡ್ಡದ ಊರಿನಲ್ಲಿ ಖಾನಾವಳಿ ನಡೆಸುತ್ತಾಳೆ. ತಿಂಗಳಿಗೊಬ್ಬ ಅಲ್ಲಿ ಸಾಯಲೇಬೇಕು. ಯಾರೂ ಖಾನಾವಳಿ ಬಿಟ್ಟು ಓಡುವುದಿಲ್ಲ. ಮರುದಿನ ಅದೇ ಹಲಗೆಯ ಮೇಲೆ ಕೂತು ಪಿಠಲೆ, ಭಾಕರಿ ತಿನ್ನುತ್ತಾರೆ. ಇನ್ಸ್‌ಪೆಕ್ಟರ್ ಬಂದು ಎರಡು ಭಾಕರಿ ಹೆಚ್ಚೇ ತಿಂದು, “ಅತ್ಯಾ, ಯಾರಂತೀರಿ?” ಎಂದು ಕೇಳುತ್ತಾನೆ. ಅತ್ಯಾ ಉಂಡು ಬಿಟ್ಟ ತಾಟುಗಳನ್ನು ನೋಡಿಯೇ ಕೊಲೆಗಾರನನ್ನು ಹೇಳುತ್ತಾಳೆ. ಉಪ್ಪು ಬಿಟ್ಟವನು ಇಂಥವನು, ಚಟ್ನಿ ಬಿಟ್ಟವನು ಇಂಥವನು. ಸತ್ತವನು ಯಾವಾಗಲೂ ಕೆಟ್ಟವನೇ. ಅದರಿಂದ ಯಾರೂ ಅಳಬೇಕಾಗಿಲ್ಲ. ಹೆಂಡತಿಯೂ ಅಳುವುದಿಲ್ಲ. ನಮ್ಮ ಓಣಿಯಲ್ಲಿ ಕಟ್ಟಿಗೆ ಅಡ್ಡೆಯವನು ಸತ್ತಾಗ ಎಷ್ಟೋ ದಿನ ಯಾರಿಗೂ ಅನ್ನ ಇಳಿದಿರಲಿಲ್ಲ. ಅವನೂ ಅಂಥ ಒಳ್ಳೆಯವನೇನಲ್ಲ.

ನಾನು ಇಷ್ಟೆಲ್ಲ ಹೇಗೆ ಬಲ್ಲೆ ಎಂದರೆ, ಮಧ್ಯಾಹ್ನ ವೈನಿ ನಮ್ಮ ಹೊಸ್ತಿಲ ಮೇಲೆ ಕೂತು ಓದಿದ್ದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು. ನಾನು ಅಕ್ಕಿ ಆರಿಸುತ್ತ ಕೇಳಬೇಕು. ಕೊನೆ ಬರುವ ಹೊತ್ತಿಗೆ ಹಾಳೆಯ ನಡುವೆ ತಲೆಪಿನ್ನು ಸಿಕ್ಕಿಸಿ ಮುಚ್ಚುವರು. “ಹೇಳ ತಂಗಿ, ಯಾರು?”

“ನನಗೇನ ತಿಳೀತದರಿ ವೈನಿ.”

“ಯಾರು ಸುಮ್ಮಸುಮ್ಮನ ಇರ್ತಾರ ನೋಡು, ಅವರ ಮ್ಯಾಲೆ ಕಣ್ಣಿಡಬೇಕು. ಮಾತಾಡವರು ಎಂದೂ ಮಾಡಿರಂಗಿಲ್ಲ.”

ಹಾಗೆನ್ನುವಾಗ ನನ್ನನ್ನು ನೋಡುತ್ತಿದ್ದರೋ ಇಲ್ಲವೋ, ಆಗ ನಾನು ಗಮನಿಸಲಿಲ್ಲ.

ಪುಸ್ತಕದಲ್ಲಿ ಅತ್ಯಾ ಕಂಡವರ ಮನೆಯಲ್ಲಿ ಮೂಗು ತೂರಿಸಿದರೆ ಪುಸ್ತಕ ಬರೆದವನು ಅಲ್ಲಿ ಅವಳಿಗಾಗಿ ಒಂದು ಅಪರಾಧವನ್ನು ಮೊದಲೇ ಇಟ್ಟಿರುತ್ತಾನೆ. ಕದದ ಸಂದಿಯಲ್ಲಿ ಕೇಳಿದ್ದು, ಕಸದ ಬುಟ್ಟಿ ಕೆದರಿದ್ದು ಎಲ್ಲವೂ ಕೊನೆಗೆ ಪುಣ್ಯದ ಕೆಲಸ. ಮನೆಯಲ್ಲಿ ಕೂತ ಹೆಂಗಸಿಗೆ ಇದಕ್ಕಿಂತ ರುಚಿಯಾದದ್ದು ಯಾವುದಿದೆ? ಓದುವವಳಿಗೂ ಎರಡು ಕಣ್ಣು, ಒಂದು ಮೂಗು, ಒಂದು ಬಿಡುವಿನ ಮಧ್ಯಾಹ್ನ ಇದ್ದೇ ಇರುತ್ತವೆ. ಇನ್ನು ಬೇಕಾದದ್ದು ಒಬ್ಬ ಕಳ್ಳ ಮಾತ್ರ. ನಮ್ಮ ವಾಡೆಯಲ್ಲಿ ಕಳ್ಳ ಇರಲಿಲ್ಲ. ಇದು ವೈನಿಗೆ ದೊಡ್ಡ ಕೊರತೆಯಾಗಿತ್ತು.

ಇದ್ದವರನ್ನೇ ಉಪಯೋಗಿಸಿಕೊಂಡರು. ಹಿಂದಿನ ಖೋಲಿಯಲ್ಲಿ ಒಬ್ಬ ಕಾಲೇಜಿನ ಮಾಸ್ತರರಿದ್ದರು, ಮದುವೆಯಾಗದವರು, ಸಾಧು ಮನುಷ್ಯ. ನಳದ ಹತ್ತಿರ ನಿಂತಾಗ ಬಿಂದಿಗೆ ಕೆಳಗಿಟ್ಟು ಎಲ್ಲರಿಗೂ ದಾರಿ ಬಿಡುವವರು. ವೈನಿ ಅವರ ಕಸದ ಬೂದಿಯಲ್ಲಿ ತತ್ತಿಯ ಸಿಪ್ಪೆಯ ಚೂರು ಕಂಡುಹಿಡಿದರು. ಕಾಗದದಲ್ಲಿ ಕಟ್ಟಿ ಆಯಿಯ ಮುಂದೆ ಬಿಚ್ಚಿದರು. ಆಯಿಯದು ಮಡಿಯ ವಾಡೆ. ಮಾಸ್ತರರು ಒಂದು ಮಾತೂ ಆಡದೆ ಟಾಂಗಾ ತರಿಸಿ ಸಾಮಾನು ಹೇರಿಕೊಂಡು ಹೋದರು. ವೈನಿ ಮೇಲಿನ ಕಟಕಟೆಗೆ ಆತುಕೊಂಡು ಟಾಂಗಾ ತಿರುವು ದಾಟುವವರೆಗೆ ನೋಡಿದರು. “ಕೇಸ್ ಮುಗೀತು” ಎಂದರು. ಆ ಕೇಸಿನಲ್ಲಿ ಸತ್ತವರು ಯಾರು ಎಂದು ನನಗೆ ಈಗಲೂ ತಿಳಿದಿಲ್ಲ.

ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ವೈನಿ ದಡ್ಡರಲ್ಲ. ಮ್ಯಾಟ್ರಿಕ್ಕಿನಲ್ಲಿ ಒಳ್ಳೆಯ ಮಾರ್ಕು ಬಂದಿದ್ದವು. ಸಾಲಿಯಲ್ಲಿ ಕಲಿಸಲು ಕರೆದಿದ್ದರು. ಗಂಡ ಬೇಡ ಎಂದರು, ಮುಗಿಯಿತು. ಆ ಮನುಷ್ಯ ಆಫೀಸಿನಿಂದ ಬಂದು ಪೇಪರಿನ ಹಿಂದೆ ಮರೆಯಾದರೆ ಊಟಕ್ಕೇ ಹೊರಗೆ ಬರುವವರು. ಅಷ್ಟು ಬುದ್ಧಿ ಇಟ್ಟುಕೊಂಡು ಮೂರು ಖೋಲಿಯಲ್ಲಿ ಏನು ಮಾಡಬೇಕು ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಆದರೆ ಅದಕ್ಕೆಂದು ನನ್ನ ಮನೆಯ ಡಬ್ಬಿಗಳ ಮುಚ್ಚಳ ತೆಗೆಯಬೇಕೇ?

ಈಗ ನತ್ತಿನ ವಿಷಯ.

ನಿಮ್ಮ ತಾಯಿಗೆ ಆಗ ಮೂರು ವರ್ಷ. ಆಯಿಯ ಸೊಸೆ ಸುಮನ್ ಬಸುರಿ. ತವರಿಗೆ ಕಳಿಸುವ ಮೊದಲು ಸೀಮಂತದ ಕುಬಸ ಇಟ್ಟುಕೊಂಡರು. ಮರಾಠಿಯಲ್ಲಿ ಡೋಹಾಳ ಜೇವಣ ಎನ್ನುತ್ತಾರೆ. ಸುಮನ್‌ಳಿಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂಡಿಸಿ, ಪಕ್ಕದಲ್ಲಿ ಒಂದು ದೊಡ್ಡ ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಸಿನ ಕೊಂಬು ಇಟ್ಟಿದ್ದರು. ವಾಡೆಯ ಮುತ್ತೈದೆಯರೆಲ್ಲ ಒಬ್ಬೊಬ್ಬರಾಗಿ ಅವಳ ಉಡಿ ತುಂಬಬೇಕು. ತುಂಬುವಾಗ ಉಖಾಣಾ ಹೇಳಬೇಕು, ನಮ್ಮ ಕಡೆಯ ಒಡಪಿನ ಹಾಗೆ, ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವುದು.

ಆಯಿ ತಮ್ಮ ಅತ್ತೆಯ ಕಾಲದ ಮುತ್ತಿನ ನತ್ತು ಹಾಕಿಕೊಂಡಿದ್ದರು. ಅದು ಒತ್ತಿ ಒತ್ತಿ ಮೂಗು ಕೆಂಪಾಗಿತ್ತು. ನಡುವೆ ತೆಗೆದು ಅರಿಸಿನ ಕುಂಕುಮದ ಕರಂಡೆಯ ಹತ್ತಿರ ಇಟ್ಟು ಅಡಿಗೆಮನೆಗೆ ಹೋದರಂತೆ.

ನನ್ನ ಸರದಿ ಹತ್ತಿರ ಬರುತ್ತಿತ್ತು. ಮುಂದಿನವಳು ಪ್ರಾಸ ಹೇಳಿ ನಕ್ಕಳು, ಎಲ್ಲರೂ ನಕ್ಕರು. ಅಷ್ಟು ಜನರ ಮುಂದೆ, ಅದೂ ಮರಾಠಿಯಲ್ಲಿ, ಅದೂ ನಿಮ್ಮ ಅಜ್ಜನ ಹೆಸರು! ಮಗುವನ್ನು ಬಗಲಿಗೆ ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಮನೆಗೆ ಬಂದು ಕದ ಹಾಕಿಕೊಂಡೆ. ಅವತ್ತು ಸಂಜೆಯೇ ಸುಮನ್‌ಳ ತಾಯಿ ಮಗಳನ್ನು ಕರೆದುಕೊಂಡು ತಮ್ಮೂರು ಭೋರ್‌ಗೆ ಹೋದರು. ಉಡಿಯ ಅಕ್ಕಿಯನ್ನು ಗಂಟು ಕಟ್ಟಿ ಜೊತೆಗೆ ಒಯ್ದರು. ಅವರು ಹೋದಮೇಲೆ ಆಯಿಗೆ ನತ್ತಿನ ನೆನಪಾಯಿತು. ಕರಂಡೆಯ ಹತ್ತಿರ ಇರಲಿಲ್ಲ. ಎಲ್ಲಿಯೂ ಇರಲಿಲ್ಲ.

ವೈನಿಯ ಮುಖದ ಮೇಲೆ ಬಂದ ಕಳೆಯನ್ನು ನೀವು ನೋಡಬೇಕಿತ್ತು. ಕೊನೆಗೂ ವಾಡೆಗೆ ಒಂದು ಕಳ್ಳತನ ಬಂದಿತ್ತು.

“ಪೊಲೀಸ್ರು ಯಾಕ್ರಿ ಆಯಿ? ನಾ ಅದೇನಿ” ಎಂದರು. ಮರುದಿನದಿಂದ ಎಲ್ಲರ ಮನೆ ಹುಡುಕಿದರು. ನ್ಯಾಯವಾಗಿ ನಡೆಯಲಿ ಎಂದು ತಮ್ಮ ಮನೆಯಿಂದಲೇ ಶುರು ಮಾಡಿದರು. ಅತ್ಯಾಳೂ ಹಾಗೇ ಮಾಡುತ್ತಾಳಂತೆ. ನಮ್ಮ ಮನೆಗೆ ಬರುವಾಗ ಹಿಂದೆ ನಾಲ್ಕು ಹೆಂಗಸರು. ಗೋಡೆಯ ಹಲಗೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ, ಕೈ ಹಾಕಿ, ಆಚೀಚೆ ಮಾಡಿ ನೆಲಕ್ಕಿಟ್ಟರು. “ತೊಗರಿಬ್ಯಾಳಿ, ತಳಕ್ಕ ಹತ್ಯದ. ಜೀರಗಿ, ಇಲ್ಲೇ ಇಲ್ಲ ಅಂದ್ರೂ ನಡೀತದ” ಎಂದು ಹೇಳುತ್ತಲೇ ಇದ್ದರು. ತಿಂಗಳ ಕೊನೆಯಲ್ಲಿ ನಮ್ಮ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದು ಆ ನಾಲ್ಕು ಹೆಂಗಸರಿಗೂ ತಿಳಿಯಿತು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ.

ಮೆಂತ್ಯದ ಡಬ್ಬಿಯಲ್ಲಿ ಗುಲಾಬಿ ಬಣ್ಣದ ಒಂದು ಚೂರು ಕಾಗದ ಸಿಕ್ಕಿತು. ಸರಾಫರು ಬಂಗಾರ ಕಟ್ಟಿಕೊಡುತ್ತಾರಲ್ಲ, ಆ ಕಾಗದ.

“ಇದು?”

“ಕೂಸಿನ ಕಿವಿ ಚುಚ್ಚಿಸಿದಾಗಿಂದ್ರಿ. ರಿಂಗ್ ಕಟ್ಟಿ ಕೊಟ್ಟಿದ್ರು.”

“ಅದನ್ನ ಮೆಂತ್ಯದಾಗ ಯಾಕ ಇಟ್ಟಿ?”

ಚಂದದ ಕಾಗದ, ಎಸೆಯಲು ಮನಸ್ಸಾಗಲಿಲ್ಲ, ಅಷ್ಟೇ. ಅದನ್ನು ಹೇಳಲು ನಾಚಿಕೆಯಾಯಿತು. ವೈನಿ ಕನ್ನಡಕದ ಕಡ್ಡಿಯನ್ನು ಹಲ್ಲಿಗೆ ತಟ್ಟಿದರು. “ಹ್ಞಂ. ಗೊತ್ತಾತು.”

ರವಿವಾರ ಬೆಳಿಗ್ಗೆ, ಗಂಡಸರೆಲ್ಲ ಮನೆಯಲ್ಲಿರುವ ಹೊತ್ತಿಗೆ, ಚೌಕದಲ್ಲಿ ಸಭೆ ಸೇರಿಸಿದರು. ಆ ಪುಸ್ತಕಗಳಲ್ಲಿ ಕೊನೆಗೆ ಎಲ್ಲರನ್ನೂ ಒಂದೆಡೆ ಕೂಡಿಸುವ ಪದ್ಧತಿಯಿದೆ. ವೈನಿ ಇಳಕಲ್ ಸೀರೆ ಉಟ್ಟು, ತುರುಬಿಗೆ ಹೂ ಮುಡಿದು ಬಂದಿದ್ದರು. ಮದುವೆಗೆ ಹೊರಟಂತಿತ್ತು. ನಿಂತುಕೊಂಡೇ ಮರಾಠಿಯಲ್ಲಿ ಭಾಷಣ ಮಾಡಿದರು. ಅಷ್ಟು ವರ್ಷದಲ್ಲಿ ಕೇಳಿ ತಿಳಿಯುವಷ್ಟು ಮರಾಠಿ ನನಗೂ ಬಂದಿತ್ತು, ಆಡುವಷ್ಟು ಅಲ್ಲ. ಉಡಿ ತುಂಬುವಾಗ ನಡುವೆ ಎದ್ದುಹೋದವರು ಒಬ್ಬರೇ. ಹಿಂದಿನ ಬಾಗಿಲಿನಿಂದ ಹೋದವರೂ ಅವರೇ. ಸರಾಫನ ಕಾಗದ ಸಿಕ್ಕದ್ದು ಅವರ ಮನೆಯಲ್ಲೇ. ಇಷ್ಟು ಹೇಳಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಯಾಕ ಎದ್ದ ಹೋದಿ, ಹೇಳು. ಅಂಜಬ್ಯಾಡ, ನಾ ಮರಾಠಿಯೊಳಗ ಹೇಳ್ತೀನಿ” ಎಂದರು. ಸಾಕ್ಷಿ, ವಕೀಲ, ದುಭಾಷಿ ಎಲ್ಲ ಅವರೇ.

“ಉಖಾಣಾ ಹೇಳಲಿಕ್ಕೆ ನಾಚಿಕಿ ಬಂತ್ರಿ” ಎಂದೆ.

ಅವರು ಅದನ್ನು ಮರಾಠಿಗೆ ತಿರುಗಿಸಿದರು. ನಗೆ ಎದ್ದಿತು. “ಧಾರವಾಡದ ಕಡಿ ಹೆಣ್ಣಮಗಳು, ಒಡಪ ಹೇಳಲಿಕ್ಕೆ ನಾಚ್ಯಾಳಂತ! ನಮ್ಮ ಕಡೆ ಹುಟ್ಟಿದ ಕೂಸೂ ಒಡಪ ಹೇಳ್ತದ. ಹಂಗಾದ್ರ ಈಗ ಹೇಳು, ಕೇಳೂಣು” ಎಂದರು ವೈನಿ.

ಚೌಕದ ತುಂಬ ಜನ. ನನ್ನ ಬಾಯಿ ತೆರೆಯಲಿಲ್ಲ. ಅದೇ ಅವರಿಗೆ ಸಾಕಾಯಿತು.

ನಿಮ್ಮ ಅಜ್ಜ ಮಂಡಯಿಯಿಂದ ಕಾಯಿಪಲ್ಲೆಯ ಚೀಲ ಹಿಡಿದು ಬಂದವರು ಹಾಗೇ ನಿಂತಿದ್ದರು. “ನನ್ನ ಹೆಂಡತಿ ಮುಟ್ಟಿಲ್ಲ” ಎಂದರು.

“ಗಂಡಂದಿರು ಹಂಗೇ ಅಂತಾರ” ಎಂದು ವೈನಿ ಮರುಕದಿಂದ ಹೇಳಿದರು. “ಅವರಿಗೆ ಗೊತ್ತಽ ಇರಂಗಿಲ್ಲ.”

ಆಗ ಆಯಿಯ ಮಗ, ಸುಮನ್‌ಳ ಗಂಡ, ಮೆಲ್ಲಗೆ ಒಂದು ಮಾತು ಕೇಳಿದ. ಉಡಿಯ ಅಕ್ಕಿಯ ಗಂಟು ಭೋರ್‌ಗೆ ಹೋಗಿದೆಯಲ್ಲ, ಅದರಲ್ಲಿ ಬಿದ್ದಿರಬಹುದೇ? ಹೆಂಗಸರೆಲ್ಲ ಒಟ್ಟಿಗೆ ಅವನ ಮೇಲೆ ಬಿದ್ದರು. ಬಸುರಿಯ ಉಡಿಯನ್ನು ಕೆದಕಿ ನೋಡುವುದೇ? ಕೂಸಿಗೆ ಏನಾದರೂ ಆದರೆ? ತವರಿನಲ್ಲಿ ಒಳ್ಳೆಯ ದಿನ ನೋಡಿ ಅದನ್ನು ಪಾಯಸ ಮಾಡುವವರೆಗೆ ಯಾರೂ ಅದರ ಗಂಟು ಬಿಚ್ಚಬಾರದು. ಗಂಡಸರಿಗೇನು ತಿಳಿಯುತ್ತದೆ! ವೈನಿಯ ದನಿ ಎಲ್ಲರಿಗಿಂತ ಮೇಲಿತ್ತು. ನನಗೂ ಹಾಗೇ ಅನ್ನಿಸಿತು. ನನ್ನ ಮಾನ ಉಳಿಸಬಹುದಾಗಿದ್ದ ಒಂದೇ ಮಾತು ಅದು, ಮತ್ತು ಅದನ್ನು ಕೇಳಿ ನಾನೂ ಮನಸ್ಸಿನಲ್ಲೇ ಛೀ ಎಂದೆ.

ಕೊನೆಗೆ ಆಯಿ, ಪೊಲೀಸರಿಗೆ ಹೇಳುವುದಿಲ್ಲ, ಮಗುವಿದ್ದ ಮನೆ, ತಿಂಗಳೊಪ್ಪತ್ತಿನಲ್ಲಿ ಖೋಲಿ ಬಿಟ್ಟುಕೊಡಿ ಎಂದರು.

ಖೋಲಿ ಬಿಟ್ಟರೆ ಎಲ್ಲಿಗೆ? ಕಳ್ಳಿ ಎಂದು ಹೊರಡಿಸಿದವಳಿಗೆ ಆ ಪೇಠೆಯಲ್ಲಿ ಬೇರೆ ಯಾರೂ ಜಾಗ ಕೊಡುತ್ತಿರಲಿಲ್ಲ. ನಾನು ಮಗುವನ್ನು ಕರೆದುಕೊಂಡು ಊರಿಗೆ, ಭಾವನವರ ಮನೆಗೆ ಹೋಗುವುದು. ನಿಮ್ಮ ಅಜ್ಜ ಕಾರ್ಖಾನೆಯ ಯಾರದೋ ಖೋಲಿಯಲ್ಲಿ ಚಾಪೆ ಹಾಕಿಕೊಳ್ಳುವುದು. ಮತ್ತೆ ಯಾವಾಗ ಕೂಡಿ ಇರುವುದೋ ಗೊತ್ತಿರಲಿಲ್ಲ. ಊರಿಗೆ ಹೋದರೂ ಈ ಮಾತು ನನ್ನ ಹಿಂದೆ ಬರದೇ ಇರುತ್ತಿರಲಿಲ್ಲ. ವೈನಿಯ ತವರು ನಮ್ಮ ಊರಿನಿಂದ ದೂರವೇನಲ್ಲ.

“ಖರೇನ ಯಾಕ ಎದ್ದ ಬಂದಿ?” ಎಂದು ನಿಮ್ಮ ಅಜ್ಜ ಮನೆಯೊಳಗೆ ಕೇಳಿದರು.

“ನಿಮ್ಮ ಹೆಸರ ಹೇಳಬೇಕಾಗಿತ್ತು.”

ಅವರು ನಕ್ಕುಬಿಟ್ಟರು. ನಗುತ್ತಲೇ ಚೀಲದಲ್ಲಿನ ಬದನೆಕಾಯಿ ತೆಗೆದು ನೆಲದ ಮೇಲೆ ಸಾಲಾಗಿ ಇಡತೊಡಗಿದರು. ಇಡುತ್ತ ಇಡುತ್ತ ನಗು ನಿಂತಿತು. “ಅಣ್ಣಗ ಏನಂತ ಹೇಳೂದು?” ಎಂದರು.

ಆ ದಿನಗಳಲ್ಲಿ ನಾನು ನಳಕ್ಕೆ ಹೋದರೆ ಮಾತು ನಿಲ್ಲುತ್ತಿತ್ತು. ಎಮ್ಮೆಯನ್ನೂ ಯಾರೂ ಕೇಳಲಿಲ್ಲ. ವೈನಿ ಮಾತ್ರ ಮೊದಲಿನಂತೆಯೇ ಮಾತಾಡಿಸಿದರು, ಮೊದಲಿಗಿಂತ ಹೆಚ್ಚು ಮೆತ್ತಗೆ. “ತಂಗಿ, ಒಪ್ಪಿಕೊಂಡ ಬಿಡು, ಮನಸು ಹಗರ ಆಗ್ತದ. ನಾ ಆಯಿಗೆ ಹೇಳ್ತೀನಿ.” ಪುಸ್ತಕದಲ್ಲಿ ಅತ್ಯಾ ಕೊಲೆಗಾರನಿಗೂ ಒಂದು ಭಾಕರಿ ಬಡಿಸಿ ಕಳಿಸುತ್ತಾಳೆ. ಅವಳ ದೊಡ್ಡಗುಣವನ್ನು ವೈನಿ ಹೊಗಳಿದ್ದೇ ಹೊಗಳಿದ್ದು. ನನಗೆ ಆ ದೊಡ್ಡಗುಣವೇ ಹೊಡೆತಕ್ಕಿಂತ ಹೆಚ್ಚಾಯಿತು.

ಪಾತ್ರೆ, ಡಬ್ಬಿ ಎಲ್ಲ ಗೋಣಿಚೀಲಕ್ಕೆ ತುಂಬಿ ಹುರಿಯಿಂದ ಬಿಗಿದೆ. ಒಂದು ಬೋಗುಣಿ, ಎರಡು ತಾಟು ಹೊರಗಿಟ್ಟುಕೊಂಡೆ.

ಅಮಾವಾಸ್ಯೆ ಕಳೆದ ಮೇಲೆ ಒಂದು ಮಧ್ಯಾಹ್ನ ಭೋರ್‌ನಿಂದ ಸುಮನ್‌ಳ ತಾಯಿ ಬಸ್ಸಿಗೆ ಬಂದರು. ಬೆವರು ಒರೆಸಿಕೊಳ್ಳದೆ, ನೀರು ಕುಡಿಯದೆ, ಸೊಂಟದಿಂದ ಕುಂಕುಮದ ಡಬ್ಬಿ ತೆಗೆದು ಆಯಿಯ ಕೈಯಲ್ಲಿಟ್ಟರು. ಒಳಗೆ ನತ್ತು. ಶುಕ್ರವಾರ ಪಾಯಸ ಮಾಡಲೆಂದು ಉಡಿಯ ಅಕ್ಕಿಯನ್ನು ಮೊರಕ್ಕೆ ಸುರಿದಾಗ ಸಿಕ್ಕಿತಂತೆ. ಆಯಿ ಅದನ್ನು ಕರಂಡೆಯ ಹತ್ತಿರ ಇಟ್ಟಿದ್ದರೋ ಅಕ್ಕಿಯ ತಾಟಿನ ಅಂಚಿಗೇ ಇಟ್ಟಿದ್ದರೋ, ಅವರಿಗೇ ಈಗ ನೆನಪಿರಲಿಲ್ಲ. ಆದರೆ ಸುಮನ್‌ಗೆ ಒಂದು ನೆನಪಿದೆಯೆಂದು ತಾಯಿ ಹೇಳಿದರು. ಕೊನೆಗೆ ಉಡಿ ತುಂಬಿದವರು ಮೇಲಿನ ಮನೆಯ ಕಾಕು. “ಕೆಳಗಿನವಳು ಎದ್ದು ಹೋಗಿದ್ದಾಳೆ, ಅವಳ ಪಾಲಿನದೂ ನಾನೇ ತುಂಬುತ್ತೇನೆ” ಎಂದು, ತಾಟನ್ನು ಎರಡೂ ಕೈಯಿಂದ ಬಳಿದು, ಇದ್ದದ್ದನ್ನೆಲ್ಲ ಸೆರಗಿಗೆ ಸುರಿದಿದ್ದರಂತೆ.

ಆಯಿ ನಮ್ಮ ಬಾಗಿಲಿಗೆ ಬಂದರು. ನನ್ನ ಗದ್ದ ಹಿಡಿದು ಮರಾಠಿಯಲ್ಲಿ ಏನೇನೋ ಹೇಳಿ ಅತ್ತರು. ಅಳುವಿನ ನಡುವೆ ನನಗೆ ತಿಳಿದದ್ದು ಎಲ್ಲಿಗೂ ಹೋಗಬೇಡ ಎಂಬುದೊಂದೇ. ಅದು ಸಾಕಿತ್ತು.

ಮುಂದೆ ನಡೆದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಂಬತ್ತರ ದಶಕದಲ್ಲಿ ಆ ವಾಡೆ ಕೆಡವಿ ಕಟ್ಟಡ ಎಬ್ಬಿಸಿದರು, ಎಲ್ಲರೂ ಚದುರಿದೆವು. ವೈನಿಯ ಮಗನ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಿದ್ದೆ. ನನ್ನ ಹಿಂದೆ ಯಾರೋ ನತ್ತಿನ ಕಥೆ ಹೇಳುತ್ತಿದ್ದರು. ವಾಡೆಯಲ್ಲಿ ನತ್ತು ಕಳೆದಿತ್ತು, ಯಾರಿಗೂ ಸಿಗಲಿಲ್ಲ, ಅದು ಉಡಿಯ ಅಕ್ಕಿಯಲ್ಲಿದೆ ಎಂದು ನಮ್ಮ ಮಾವುಶಿ, ಅಂದರೆ ಈ ವೈನಿ, ಕೂತಲ್ಲಿಂದಲೇ ಹೇಳಿದರು, ಕಾಗದ ಬರೆಸಿ ಭೋರ್‌ನಿಂದ ತರಿಸಿದರು ಎಂದು. ಕೇಳಿದವರು ವ್ವಾ ಎಂದರು. ಕಥೆಯಲ್ಲಿ ನಾನು ಇರಲೇ ಇಲ್ಲ. ಅಷ್ಟರ ಮಟ್ಟಿಗೆ ವೈನಿಗೆ ಋಣಿ ಎನ್ನಬೇಕೇನೋ. ನಾನು ಜಿಲೇಬಿ ಬೇಡ ಎಂದೆ.

ನತ್ತು ಸಿಕ್ಕ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಆಯಿ ಹೋದ ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ವೈನಿಯ ಹೆಜ್ಜೆ ಕೇಳಿಸಿತು. ಬಾಗಿಲಲ್ಲಿ ನಿಂತು ಕನ್ನಡಕ ಒರೆಸಿಕೊಂಡರು.

“ನೋಡಿದೇನ ತಂಗಿ? ನತ್ತು ವಾಡೆದಾಗಿಂದ ಹೊರಗ ಹೋಗೇದ ಅಂತ ನಾ ಮೊದಲಽ ಅಂದಿದ್ನೋ ಇಲ್ಲೋ?”

ನಾನು ಮಲಗಿದ್ದ ಮಗುವಿಗೆ ಹೊದಿಕೆ ಎಳೆದು ಬಾಗಿಲಿಗೆ ಬಂದೆ.

“ಹಿಂದಿನ ಬಾಗಲದಿಂದ ಹೋಗಬಾರದಿತ್ತು ನೀ. ನೀ ಹೋಗಿದ್ದಕ್ಕಽ ಇಷ್ಟೆಲ್ಲಾ ಆತು.” ಸ್ವಲ್ಪ ತಡೆದು, “ಹೋಗ್ಲಿ ಬಿಡು. ಒಂದ ಕಪ್ಪು ಕಾಫಿ ಮಾಡು, ತಲಿ ಹಿಡದದ” ಎಂದು ಗೋಡೆಗೆ ಬೆನ್ನು ಕೊಟ್ಟು ಕೂತರು.

ಆ ಹೊತ್ತಿಗೆ ನನ್ನ ಬಾಯಿಂದ ಮಾತು ಬಂತು. ಎಲ್ಲಿಂದ ಬಂತೋ.

“ವೈನಿ, ನಿಮ್ಮ ಪುಸ್ತಕದಾಗ ಅತ್ಯಾ ತಪ್ಪು ಮಂದೀನ ಹಿಡದ್ರ ಆಮ್ಯಾಲೆ ಏನ ಮಾಡ್ತಾಳ್ರಿ?”

ವೈನಿ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ನಿಜವಾಗಿಯೂ ಯೋಚಿಸಿದರು. ಓದಿದ್ದ ಪುಸ್ತಕಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದಾರೆಂದು ಕಾಣುತ್ತಿತ್ತು.

“ಹಿಡಿಯಂಗಿಲ್ಲ” ಎಂದರು. “ಹಂಗ ಒಂದೂ ಇಲ್ಲ.”

“ಕಾಫಿ ಪಾತ್ರಿ ಆ ಚೀಲದಾಗ ಅದರಿ” ಎಂದೆ. “ಬಿಚ್ಚರಿ.”

ಅವರು ಚೀಲವನ್ನು ನೋಡಿದರು, ನನ್ನನ್ನು ನೋಡಿದರು. ಎದ್ದು ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಚೀಲದ ಮುಂದೆ ಕೂತು ಹುರಿಯ ಗಂಟನ್ನು ಉಗುರಿನಿಂದ ಬಿಡಿಸತೊಡಗಿದರು. ನಾನು ಬಿಗಿಯಾಗಿ ಕಟ್ಟಿದ್ದೆ. ಬಿಚ್ಚಿದ ಮೇಲೆ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಹಲಗೆಯ ಮೇಲೆ ಇಡುತ್ತ ಹೋದರು. ಯಾವುದು ಎಲ್ಲಿ ಎಂದು ನನ್ನನ್ನು ಕೇಳಲಿಲ್ಲ. ಮೆಂತ್ಯ ಸಾಸಿವೆಯ ಎಡಕ್ಕೆ, ಬೇಳೆ ಗೋಡೆಯ ಕಡೆಗೆ, ಜೀರಿಗೆಯ ಸಣ್ಣ ಡಬ್ಬಿ ಉಪ್ಪಿನ ಭರಣಿಯ ಹಿಂದೆ. ಒಂದೂ ತಪ್ಪಲಿಲ್ಲ. ಒಂದೇ ಸಲ ನೋಡಿದ್ದರು, ಅಷ್ಟು ಚೆನ್ನಾಗಿ ನೋಡಿದ್ದರು.

ಕೊನೆಗೆ ಕಾಫಿಯ ಪಾತ್ರೆ ಬಂತು. ಅದನ್ನು ಸೆರಗಿನಿಂದ ಒರೆಸಿ ಒಲೆಯ ಪಕ್ಕದಲ್ಲಿಟ್ಟು, ಮೊದಲಿನ ಜಾಗಕ್ಕೆ ಹೋಗಿ ಗೋಡೆಗೆ ಬೆನ್ನು ಆನಿಸಿ ಕೂತರು. ನಾನು ಬಾಗಿಲಲ್ಲೇ ನಿಂತಿದ್ದೆ. ಮಗು ಎದ್ದು ಅಳತೊಡಗಿತು, ಎತ್ತಿಕೊಂಡೆ. ವೈನಿ ಇನ್ನೂ ಸ್ವಲ್ಪ ಹೊತ್ತು ಕೂತಿದ್ದರು. ಆಮೇಲೆ ಎದ್ದು ಮೇಲೆ ಹೋದರು. ನಾನು ಒಲೆ ಹೊತ್ತಿಸಲಿಲ್ಲ.